ಇವತ್ತು ಎಷ್ಟು ಮೂಗು?

"ಕೂಸೇ, ಇವತ್ತು ಎಷ್ಟು ಮೂಗು ಹಿಡ್ದೆ?"

ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ನನ್ನ ಮಾವ ಜಗಲಿಯಲ್ಲಿ ಕೂತು ಮಗಳಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ಇದು. ಕೂಸು ಎಂದರೆ ನನ್ನ ನಾದಿನಿ, ಏಳನೇ ಕ್ಲಾಸು. ಅವಳು ಬೆರಳು ಮಡಿಸಿ ಲೆಕ್ಕ ಹಾಕಿ "ಒಂಬತ್ತು ಅಪ್ಪಯ್ಯಾ" ಎನ್ನುವಳು. ಮಾವ ಸಂತೋಷದಿಂದ ಒಮ್ಮೆ ಸುತ್ತ ನೋಡುವರು. ನಾವೆಲ್ಲ ಕೇಳಿಸಿಕೊಂಡೆವೋ ಇಲ್ಲವೋ ಎಂದು ಖಾತ್ರಿಯಾಗಬೇಕಲ್ಲ.

ಅರವತ್ತರ ದಶಕದ ಮಾತಿದು. ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಒಂದು ಊರಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಈ ಮೂಗಿನ ಲೆಕ್ಕ ನನಗೆ ಮೊದಮೊದಲು ಅರ್ಥವೇ ಆಗಿರಲಿಲ್ಲ. ಆಮೇಲೆ ಕಣ್ಣಾರೆ ಕಂಡೆ. ಶಾಲೆ ನಮ್ಮ ಮನೆಯ ಎದುರಿಗೆ, ರಸ್ತೆ ದಾಟಿದರೆ ಆಯಿತು. ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ನಿಂತರೆ ಏಳನೇ ಕ್ಲಾಸಿನ ಬಾಗಿಲು, ಅದರ ಮೂರು ಮೆಟ್ಟಿಲು, ಒಳಗಿನ ಅರ್ಧ ಬೋರ್ಡು ಕಾಣುತ್ತಿತ್ತು. ಮಾಸ್ತರು ಪ್ರಶ್ನೆ ಕೇಳುವರು. ಉತ್ತರ ಬಾರದವರೆಲ್ಲ ಸಾಲಾಗಿ ನಿಲ್ಲಬೇಕು. ಉತ್ತರ ಹೇಳಿದವರು ಎಡಗೈಯಲ್ಲಿ ಒಬ್ಬೊಬ್ಬರ ಮೂಗು ಹಿಡಿದು ಬಲಗೈಯಲ್ಲಿ ಕೆನ್ನೆಗೆ ಬಾರಿಸುತ್ತ ಹೋಗಬೇಕು. ಪಾಪವೆಂದು ಮೆಲ್ಲಗೆ ಹೊಡೆದರೆ ಮಾಸ್ತರು ಹೊಡೆದವರ ಕೆನ್ನೆಗೇ ಒಂದು ಕೊಟ್ಟು 'ಹೀಗೆ' ಎಂದು ತೋರಿಸಿಕೊಡುವರು. ನನ್ನ ನಾದಿನಿ ಕ್ಲಾಸಿಗೆ ಮೊದಲನೆಯವಳು. ಹಾಗಾಗಿ ಹೊಡೆಯುವ ಹಕ್ಕು ಹೆಚ್ಚುಕಡಿಮೆ ಅವಳದೇ. ಮನೆಗೆ ಬರುವಾಗ ಬಲಗೈ ಕೆಂಪಾಗಿರುತ್ತಿತ್ತು. ಅತ್ತೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಹೊಡೆಸಿಕೊಂಡ ಕೆನ್ನೆಗಳಿಗೆ ಯಾರ ಮನೆಯಲ್ಲಿ ಏನು ಹಚ್ಚಿದರೋ, ನಮ್ಮಲ್ಲಿ ಆ ಪ್ರಶ್ನೆ ಏಳಲಿಲ್ಲ.

ನಾನು ಓದಿದ್ದು ದೂರದ ಒಂದು ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು. ಅಲ್ಲಿಯ ರೀತಿಯೇನೂ ಬಹಳ ಮೇಲಲ್ಲ. ನಮಗೆ ಲೆಕ್ಕ ಹೇಳುತ್ತಿದ್ದ ಸಿಸ್ಟರು ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಹೊಡೆಯುವ ಮೊದಲು 'ಸಾರಿ ಚೈಲ್ಡ್' ಎನ್ನುತ್ತಿದ್ದರು. ಹೊಡೆದ ಮೇಲೆ ನಾವು 'ಥ್ಯಾಂಕ್ಯೂ ಸಿಸ್ಟರ್' ಎನ್ನಬೇಕು. ವ್ಯತ್ಯಾಸ ಅಷ್ಟೇ. ಅಲ್ಲಿ ಹೊಡೆತಕ್ಕೆ ಇಸ್ತ್ರಿ ಹಾಕಿರುತ್ತಿದ್ದರು.

ಆ ವರ್ಷ ಹಳೆಯ ಮಾಸ್ತರು ನಿವೃತ್ತರಾಗಿ ಹೊಸಬರು ಬಂದರು. ತೀರ್ಥಹಳ್ಳಿ ಕಡೆಯವರು, ಮೂವತ್ತರ ಒಳಗಿನ ವಯಸ್ಸು, ಸಣಕಲು ಮೈ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಜೊತೆಗೆ ಅವರ ತಾಯಿ. ಅಂಗಡಿಯವನ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಿಡಾರ. ತಾಯಿಗೆ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದನ್ನು ಉಳಿಸಿಕೊಳ್ಳಲು ವಾರಕ್ಕೊಮ್ಮೆ ಸಾಗರದ ಡಾಕ್ಟರಿಗೆ ತೋರಿಸಬೇಕಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ತಾಯಿ ಮಗ ಇಬ್ಬರೂ ಬಸ್ಸಿಗೆ ನಿಲ್ಲುತ್ತಿದ್ದರು. ಆ ಮುದುಕಿ ಮಜ್ಜಿಗೆಗೋ ಕರಿಬೇವಿಗೋ ನಮ್ಮ ಹಿಂಬಾಗಿಲಿಗೆ ಬಂದರೆ ನನ್ನ ಮುಖ ಕಾಣಲು ತಲೆಯನ್ನು ಹಕ್ಕಿಯ ಹಾಗೆ ಓರೆ ಮಾಡುತ್ತಿದ್ದರು. "ಈ ಊರು ಸಿಕ್ಕಿದ್ದು ನನ್ ಪುಣ್ಯ ಕಣಮ್ಮ. ಬಸ್ಸಿದೆ. ಇಲ್ದಿದ್ರೆ ಈ ಕಣ್ಣೂ ಹೋಗ್ತಿತ್ತು" ಎಂದು ಒಂದಲ್ಲ, ಹತ್ತು ಸಲ ಹೇಳಿದ್ದಾರೆ.

ಮಾಸ್ತರು ಬಂದ ಮೊದಲ ವಾರವೇ ಮೂಗು ಹಿಡಿಯುವುದನ್ನು ನಿಲ್ಲಿಸಿದರು. ಸಂಜೆ ಮಾವ ಕೇಳಿದಾಗ ನಾದಿನಿ ಅತ್ತೇಬಿಟ್ಟಳು.

"ಒಂದೂ ಇಲ್ಲೆ ಅಪ್ಪಯ್ಯಾ. ಹೊಡೆಯದು ಬೇಡ ಹೇಳಿದ. ಗೊತ್ತಿದ್ದವು ಗೊತ್ತಿಲ್ಲದ್ದವರ ಹತ್ರ ಕೂತು ಹೇಳ್ಕೊಡವು ಹೇಳಿದ."

"ನಿನ್ನ ಯಾರ ಹತ್ರ ಕೂರ್ಸಿದ್ದ?"

ಅವಳು ಹೇಳಿದಳು. ನಮ್ಮ ಗದ್ದೆ ಮಾಡುವ ಒಕ್ಕಲಿನವನ ಮಗಳ ಹತ್ತಿರ. ಅದೂ ಆ ಹುಡುಗಿ ಕೂರುತ್ತಿದ್ದ ಹಿಂದಿನ ಮಣೆಗೆ ಇವಳು ಹೋಗಿ.

ಅತ್ತೆ ಒಳಗಿಂದ "ಮಿಂದ್ಕಂಡು ಬಾ" ಎಂದರು. ಮಗಳು ಮಿಂದು ಬಂದಳು. ಆ ದಿನದಿಂದ ಶಾಲೆ ಬಿಟ್ಟು ಬಂದವಳಿಗೆ ದಿನಾ ಮೀಯುವ ಕೆಲಸ. ಒಂಬತ್ತು ಕೆನ್ನೆಗೆ ಹೊಡೆದು ಬಂದಾಗ ಯಾವ ಮೈಲಿಗೆಯೂ ಆಗದವರಿಗೆ, ಒಂದು ಹುಡುಗಿಗೆ ಮಗ್ಗಿ ಹೇಳಿಕೊಟ್ಟು ಬಂದರೆ ಹಂಡೆ ನೀರು ಬೇಕಾಯಿತು.

ಕಿಟಕಿಯಲ್ಲಿ ನನಗೆ ಹೊಸ ಹೊಸದು ಕಾಣತೊಡಗಿತು. ಕ್ಲಾಸಿನಲ್ಲಿ ಗದ್ದಲವಾದರೆ ಈ ಮಾಸ್ತರು ದನಿ ಏರಿಸುತ್ತಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಯಾರಾದರೂ ಅತಿ ಮಾಡಿದರೆ ಎಲ್ಲರೆದುರು ಬೈಯುತ್ತಿರಲಿಲ್ಲ. ಆಟಕ್ಕೆ ಬಿಟ್ಟಾಗ ಮೆಟ್ಟಿಲಿಗೆ ಕರೆದು, ಆ ಹುಡುಗ ಕೂತ ಮೆಟ್ಟಿಲಿನಲ್ಲೇ ತಾವೂ ಕೂತು, ಏನೋ ಕೇಳುವರು. ಕೇಳಿ, ಉತ್ತರಕ್ಕೆ ಕಾಯುವರು. ಕಾಯುವುದರಲ್ಲಿ ಆ ಮನುಷ್ಯನಿಗೆ ಸುಸ್ತೇ ಇರಲಿಲ್ಲ. ಎಲ್ಲ ಮಕ್ಕಳಿಗೂ 'ಬನ್ನಿ, ಕೂತ್ಕೊಳ್ಳಿ' ಎಂದೇ ಮಾತು. ಒಕ್ಕಲಿನ ಹುಡುಗಿ ಎಮ್ಮೆ ಬಿಟ್ಟು ಬರುವಾಗ ಪ್ರಾರ್ಥನೆ ಮುಗಿದಿರುತ್ತಿತ್ತು. ಹಳೆಯ ಮಾಸ್ತರ ಕಾಲದಲ್ಲಿ ಅವಳು ಮೊದಲ ಗಂಟೆಯೆಲ್ಲ ಹೊರಗೆ ಬಿಸಿಲಲ್ಲಿ ನಿಲ್ಲುತ್ತಿದ್ದಳು. ಇವರು "ಬಂದ್ರಾ? ಕೂತ್ಕೊಳ್ಳಿ" ಎಂದು ಬೋರ್ಡಿನ ಕಡೆ ತಿರುಗುತ್ತಿದ್ದರು. ಆ ಹುಡುಗಿ ಮೊದಲ ದಿನ ತನ್ನ ಹಿಂದೆ ಇನ್ಯಾರು ಬಂದರೋ ಎಂದು ತಿರುಗಿ ನೋಡಿದ್ದನ್ನು ನಾನು ಕಂಡಿದ್ದೇನೆ.

ಊರಿಗೆ ಇದು ನುಂಗಲಾರದ ತುತ್ತಾಯಿತು. ಶಾಲೆಯ ಕಮಿಟಿಗೆ ಮಾವನೇ ಅಧ್ಯಕ್ಷರು. ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಸಭೆ ಸೇರಿತು. ಸಭೆ ಎಂದರೆ ಮಾವ, ಹೆಡ್ ಮಾಸ್ತರು, ಅಂಗಡಿಯವನು. ಕಾಫಿ ಕೊಡಲು ಎರಡು ಸಲ, ಲೋಟ ತರಲು ಒಂದು ಸಲ ನಾನು ಹೋದೆ. ಉಳಿದದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದೆ. ಸೊಸೆಯರಿಗೆ ಬಾಗಿಲು ಇರುವುದೇ ಅದಕ್ಕೆ.

ಅಂಗಡಿಯವನಿಗೆ ಬಂದಿದ್ದ ಸಿಟ್ಟು ನೋಡಬೇಕಿತ್ತು. "ಮೂರು ತಿಂಗ್ಳಾತು ಕಣ್ರೀ, ನಮ್ ಹುಡ್ಗನಿಗೆ ಒಂದೇಟು ಕೊಟ್ಟಿಲ್ಲ! ಏನು, ನಮ್ ಹುಡ್ಗ ಅಂದ್ರೆ ಅಷ್ಟು ಅಸಡ್ಡೆಯಾ? ಮನೇಲಿ ಬಾಡಿಗೆಗಿದ್ದು ಇಷ್ಟೂ ಮಾಡಲ್ಲ ಅಂದ್ರೆ!"

"ಬೆತ್ತ ನಾನೇ ಕೊಟ್ಟೆ, ಸ್ವಾಮಿ. ಒಳ್ಳೇ ನಾಗರಬೆತ್ತ," ಎಂದರು ಹೆಡ್ ಮಾಸ್ತರು. "ಅದ್ರಲ್ಲಿ ಭೂಪಟ ತೋರಿಸ್ತಾರೆ."

"ಭೂಪಟವಾ?"

"ಗಂಗಾ ನದಿ ಎಲ್ಲಿ ಹುಟ್ತದೆ ಅಂತ."

ಮಾವ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಸುರಿದರು. ಯೋಚನೆ ದೊಡ್ಡದಿದ್ದಾಗ ಅವರು ಹಾಗೆ ಮಾಡುತ್ತಿದ್ದರು. "ನನ್ನ ಒಕ್ಕಲಿನ ಮಗಳಿಗೆ 'ಬನ್ನಿ' ಅಂತಾರಂತೆ. ನಾಳೆ ಅವಳ ಅಪ್ಪ ಗೇಣಿ ಅಳೆಯಕ್ಕೆ ಬಂದಾಗ ನಾನೂ 'ಬನ್ನಿ' ಅನ್ನಬೇಕಾ?" ಎಂದು ಕೇಳಿದರು. ಅನ್ನಬಹುದು ಎಂಬುದು ಅಲ್ಲಿ ಯಾರಿಗೂ ಹೊಳೆದಂತಿರಲಿಲ್ಲ.

ಕೊನೆಗೆ ಉಪಾಯ ಮಾವನದೇ. ಬರುವ ಬುಧವಾರ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಅವರ ಎದುರು ಏಳನೇ ಕ್ಲಾಸಿನಲ್ಲಿ ಗಲಾಟೆ ಆಗಬೇಕು. ಆದರೆ ಸಾಕು, ಶಿಸ್ತು ಇಲ್ಲವೆಂದು ಸಾಹೇಬರೇ ಬರೆಯುತ್ತಾರೆ. ಆಮೇಲೆ ಒಂದು ಮಾತು ಹಾಕಿದರೆ ಮಾಸ್ತರನ್ನು ಅಣೆಕಟ್ಟಿನ ಹಿನ್ನೀರಿನ ಆಚೆ, ದೋಣಿಯಲ್ಲೇ ಹೋಗಬೇಕಾದ ತುಮರಿ ಕಡೆಗೆ ದಾಟಿಸುವುದು ಕಷ್ಟವಲ್ಲ.

"ಹುಡುಗ್ರಿಗೆ ಹೇಳೋದು ನಂಗಿರ್ಲಿ," ಎಂದ ಅಂಗಡಿಯವನು. "ಪೆಪ್ಪರ್‌ಮೆಂಟ್ ಕೊಟ್ರೆ ಕತ್ತೆ ಹಂಗೂ ಕೂಗ್ತಾವೆ."

ಮೂವರೂ ನಕ್ಕರು. ಮಕ್ಕಳಿಗೆ ಶಿಸ್ತು ಕಲಿಸಬೇಕೆಂದು ಮೂರು ಜನ ದೊಡ್ಡವರು ಮಕ್ಕಳಿಗೆ ಲಂಚ ಕೊಟ್ಟು ಗಲಾಟೆ ಮಾಡಿಸಲು ಹೊರಟಿದ್ದರು. ಅದರಲ್ಲಿ ನಗುವಂಥದ್ದು ಇದೆ ಎಂದು ಅವರಿಗೂ ಗೊತ್ತಿತ್ತು. ಯಾವುದಕ್ಕೆ ನಗಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ತುಮರಿ ಎಂದರೆ ಸಾಗರದ ಡಾಕ್ಟರಿಗೂ ಆ ಮುದುಕಿಯ ಉಳಿದ ಕಣ್ಣಿಗೂ ನಡುವೆ ಅಷ್ಟು ನೀರು. ಅದು ನನಗೆ ಕೂಡಲೇ ಹೊಳೆಯಿತು. ಮರುದಿನ ಆಕೆ ಹಿಂಬಾಗಿಲಿಗೆ ಬಂದಾಗ ಹೇಳಿಬಿಡಬೇಕು ಅಂದುಕೊಂಡೆ. ಬಾಯಿ ತೆರೆದೆ ಕೂಡ. ಆದರೆ ಬಂದ ಮಾತು "ಉಪ್ಪಿನಕಾಯಿ ಕೊಡ್ಲಾ?" ಎಂದು. ಒಂದು ಪುಟ್ಟ ಭರಣಿಗೆ ಮಾವಿನಮಿಡಿ ಹಾಕಿ ಕೊಟ್ಟೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತ ನನ್ನ ಒಳ್ಳೆಯತನ ಅಷ್ಟೇ ಉದ್ದ. ಜಗಲಿಯ ಮೂವರನ್ನು ಹೀಗಳೆಯುವಾಗ ಬಾಗಿಲ ಹಿಂದಿನವಳನ್ನು ಬಿಟ್ಟುಬಿಡುವುದು ಸರಿಯಲ್ಲ.

ಈ ನಡುವೆ ಮನೆಯಲ್ಲಿ ಇನ್ನೊಂದು ನಡೆದಿತ್ತು. ನಾದಿನಿ ಸಂಜೆ ಮಿಂದು ಬಂದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದಳು. ಮೊದಲು ಅಳುತ್ತ ಕೂತವಳು ಬರಬರುತ್ತ ಗೊಣಗತೊಡಗಿದಳು.

"ಅತ್ತಿಗೇ, ಹದಿನೇಳೆಂಟ್ಲೆ ನೂರಮೂವತ್ತಾರು ಎಂತಕ್ಕೆ?"

"ಯಾಕೆ ಅಂದ್ರೆ? ಮಗ್ಗಿ ಹಾಗೇ ಇದೆ."

"ಆನೂ ಹಾಂಗೇ ಹೇಳಿದ್ದಿ. ಅದು ಕೇಳ್ತಿಲ್ಲೆ. ಎಂತಕ್ಕೆ, ಎಂತಕ್ಕೆ ಹೇಳಿ ಜೀವ ತಿಂತು."

ಹತ್ತೆಂಟ್ಲೆ ಎಂಬತ್ತು, ಏಳೆಂಟ್ಲೆ ಐವತ್ತಾರು, ಎರಡೂ ಕೂಡಿಸು ಎಂದು ಹುಣಸೆಬೀಜ ಹರಡಿ ತೋರಿಸಿದೆ. ಅವಳು ಬೀಜಗಳನ್ನು ಲಂಗದ ಜೇಬಿಗೆ ಹಾಕಿಕೊಂಡಳು. ಆ ಒಕ್ಕಲಿನ ಹುಡುಗಿಯ ಮೇಲೆ ಪ್ರೀತಿ ಬಂದಿತ್ತು ಎಂದು ನಾನು ಹೇಳುವುದಿಲ್ಲ. 'ಎನ್ನದಕ್ಕೆ ಎಲ್ಲರಿಗಿಂತ ಮೊದಲು ಬರವು' ಎಂಬ ಹಟ ಬಂದಿತ್ತು. 'ಎನ್ನದು', ಅಂದರೆ ನನ್ನದು, ಎಂದರೆ ಆ ಹುಡುಗಿ. ನನ್ನ ಮಾವನ ಮಗಳಲ್ಲವೇ, ಕೊಟ್ಟದ್ದನ್ನೆಲ್ಲ ಆಸ್ತಿಗೆ ಸೇರಿಸಿಕೊಂಡಿದ್ದಳು.

ಬುಧವಾರ ಸಾಹೇಬರು ಜೀಪಿನಲ್ಲಿ ಬಂದರು. ಕೋಟು, ಟೋಪಿ, ಬಿಸಿಲಿಗೆ ಕೆಂಪಾದ ಕಿವಿ. ಉಪಚಾರದ ತಿಂಡಿ ನಮ್ಮ ಮನೆಯದು. ಕೇಸರಿಬಾತಿನ ಪಾತ್ರೆ, ಕಾಫಿ ತಂಬಿಗೆ ಹಿಡಿದು ನಾನು ಏಳನೇ ಕ್ಲಾಸಿನ ಪಕ್ಕದ ಕೋಣೆಯಲ್ಲಿ ನಿಂತಿದ್ದೆ. ನಡುವಿನ ಬಾಗಿಲಿಗೆ ಕದವಿರಲಿಲ್ಲ. ಸಾಹೇಬರ ಪಕ್ಕ ಶಾಲು ಹೊದ್ದ ಮಾವ, ಅವರ ಪಕ್ಕ ಹೆಡ್ ಮಾಸ್ತರು. ಅಂಗಡಿಯವನು ಹೊರಗೆ ಕಿಟಕಿಯಲ್ಲಿ ನಿಂತು ಗಲ್ಲ ಕೆರೆದುಕೊಳ್ಳುತ್ತಿದ್ದ. ಮಾಸ್ತರು ಬೋರ್ಡಿನ ಮೇಲೆ ಬರೆಯಲು ತಿರುಗಿದ ಕೂಡಲೇ ಹಿಂದಿನ ಸಾಲಿನಿಂದ 'ಮ್ಯಾಂವ್' ಎಂದು ಕೇಳಿತು. ಇನ್ನೊಂದು ಕಡೆ ಮಣೆ ಕುಟ್ಟಿದರು. ಯಾರೋ ನಕ್ಕರು. ಆಮೇಲೆ ಇಡೀ ಕೋಣೆ ಸಂತೆಯಾಯಿತು. ಸಾಹೇಬರು ಹುಬ್ಬೇರಿಸಿದರು. ಮಾವ 'ನೋಡಿದಿರಾ' ಎನ್ನುವಂತೆ ಶಾಲು ಸರಿಮಾಡಿಕೊಂಡರು.

ಮಾಸ್ತರು ಸೀಮೆಸುಣ್ಣ ಕೆಳಗಿಟ್ಟರು. ಕೈ ಹಿಂದೆ ಕಟ್ಟಿ ನಿಂತರು. ಅಷ್ಟೇ. ಅವರ ಕುತ್ತಿಗೆಯ ನರ ಮಾತ್ರ ಎದ್ದು ನಿಂತದ್ದು ನನಗೆ ಕಂಡಿತು. ಏಟು ಬೀಳುತ್ತದೆ, ಬೈಗುಳ ಬರುತ್ತದೆ ಎಂದು ಕಾದ ಗದ್ದಲಕ್ಕೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಮಣೆ ನಿಂತಿತು. ನಗು ನಿಂತಿತು. ಅಂಗಡಿಯವನ ಮಗ ಇನ್ನೊಂದು 'ಮ್ಯಾಂವ್' ಎಂದವನು ತನ್ನ ದನಿ ಒಂದೇ ಕೇಳಿದ್ದಕ್ಕೆ ಬೆಚ್ಚಿ ಬಾಯಿ ಮುಚ್ಚಿಕೊಂಡ.

"ಮುಗೀತಾ?" ಎಂದರು ಮಾಸ್ತರು, ಮೆಲ್ಲಗೆ. "ಇನ್ನೂ ಇದ್ರೆ ಮುಗಿಸ್ಬಿಡಿ. ನಾನು ಕಾಯ್ತೀನಿ."

"ಮುಗೀತು ಸಾರ್," ಎಂದು ಹುಡುಗ ಎದ್ದು ನಿಂತ. ಆ ಕ್ಲಾಸಿನಲ್ಲಿ ನಿಜ ಹೇಳಿದರೆ ಏಟಿಲ್ಲವೆಂದು ಅವನಿಗೆ ಅಭ್ಯಾಸವಾಗಿತ್ತು, ಪಾಪ. "ಸಾರ್, ನಮ್ಮಪ್ಪ ಪೆಪ್ಪರ್‌ಮೆಂಟು..."

ಕಿಟಕಿಯಲ್ಲಿದ್ದ ತಲೆ ಮಾಯವಾಯಿತು. ಮಾವನ ಕೈ ಮಡಿಲಲ್ಲಿ ನಶ್ಯದ ಡಬ್ಬಿ ಹುಡುಕತೊಡಗಿತು.

"ಅದನ್ನ ಆಮೇಲೆ ಮೆಟ್ಲ ಮೇಲೆ ಕೂತು ಮಾತಾಡೋಣ. ಈಗ ಕೂತ್ಕೊಳ್ಳಿ," ಎಂದರು ಮಾಸ್ತರು.

ಮಾಸ್ತರಿಗೆ ಅರ್ಥವಾಗಿತ್ತು ಎಂದು ನಾನು ಇಂದಿಗೂ ಹೇಳಬಲ್ಲೆ. ಮಾವನ ಕಡೆ ಒಮ್ಮೆ ನೋಡಿ, ಕೂಡಲೇ ಕಣ್ಣು ತೆಗೆದರು. ಎಲ್ಲರೆದುರು ಯಾರ ಮಾನವನ್ನೂ ತೆಗೆಯಬಾರದು ಎಂಬ ಅವರ ನೇಮದಲ್ಲಿ ದೊಡ್ಡವರಿಗೂ ಜಾಗವಿತ್ತು. ಹನ್ನೆರಡು ವರ್ಷದ ಮಕ್ಕಳಿಗೆ ಸಿಕ್ಕಿದ್ದ ಮರ್ಯಾದೆ ಅರವತ್ತು ವರ್ಷದ ನನ್ನ ಮಾವನಿಗೂ ಸಿಕ್ಕಿತು. ಮಕ್ಕಳಿಗೆ ಅದು ಗೊತ್ತಾಗುತ್ತಿತ್ತು. ಇವರಿಗೆ ಗೊತ್ತಾಗಲಿಲ್ಲ. ನಶ್ಯ ಸೇದಿ, ಸೀನಿ, ಮೊದಲಿನಂತಾದರು.

ಸಾಹೇಬರು ಈಗ ತಾವೇ ಪ್ರಶ್ನೆ ಕೇಳಲು ಎದ್ದರು. ಬೆರಳು ತೋರಿಸಿದ್ದು ಹಿಂದಿನ ಮಣೆಯ ಒಕ್ಕಲಿನ ಹುಡುಗಿಗೆ. "ಹದಿನೇಳೆಂಟ್ಲೆ?"

ಹುಡುಗಿ ಎದ್ದಳು. ಎದುರಿಗೆ ಕೋಟು, ಅದರ ಪಕ್ಕ ಅವಳಪ್ಪನ ಒಡೆಯರು. ಸ್ಲೇಟನ್ನು ಎದೆಗವಚಿಕೊಂಡು ನಿಂತಳು. ಪಕ್ಕದಲ್ಲಿದ್ದ ನನ್ನ ನಾದಿನಿ ತಡೆಯಲಾರದೆ ಎದ್ದು "ನೂರಮೂವತ್ತಾರು!" ಎಂದಳು.

"ಶಾಭಾಸ್! ಯಾರ ಮಗಳು?" ಎಂದರು ಸಾಹೇಬರು. ಹೆಡ್ ಮಾಸ್ತರು ಅವರ ಕಿವಿಯಲ್ಲಿ ಹೇಳಿದರು. "ಹಾಗಾದರೆ ಹಿಡಿಯಮ್ಮ ಅವಳ ಮೂಗು. ಸರಿಯಾಗಿ ಒಂದು ಕೊಡು."

ಮಾವನ ಮುಖ ಅರಳಿತು. ಮೂರು ತಿಂಗಳ ಬರ ಕಳೆದು ಒಂದು ಮೂಗು!

ಮಾಸ್ತರು ಒಂದು ಹೆಜ್ಜೆ ಮುಂದೆ ಬಂದು "ಸಾರ್, ಈ ಕ್ಲಾಸಲ್ಲಿ ಅದನ್ನ ನಾವು ಮಾಡೋದಿಲ್ಲ. ದಯವಿಟ್ಟು..." ಎಂದರು. ಸಾಹೇಬರ ಕಿವಿ ಇನ್ನಷ್ಟು ಕೆಂಪಾಯಿತು. ಮಾತು ಎತ್ತ ಹೋಗುತ್ತಿತ್ತೋ. ನನ್ನ ಕಣ್ಣೆದುರು ಆ ಮುದುಕಿಯ ಓರೆ ಮಾಡಿದ ತಲೆ ಬಂದು, ತಂಬಿಗೆಯ ಬಿಸಿ ಬೆರಳು ಸುಡುತ್ತಿದ್ದರೂ ಕೆಳಗಿಡಲು ಮರೆತೆ. ಅಷ್ಟರಲ್ಲಿ ನಾದಿನಿ ಕಾಲು ಅಪ್ಪಳಿಸಿದಳು.

"ಹೊಡೆಯೋದಿಲ್ಲ ಸಾರ್! ಅವಳಿಗೆ ಬರ್ತದೆ! ನಾನೇ ಹೇಳ್ಕೊಟ್ಟಿದ್ದು! ನೀವು ಹಂಗೆ ಕಣ್ ಬಿಟ್ಟು ಕೇಳಿದ್ರೆ ಯಾರಿಗೆ ಬರ್ತದೆ?" ಮತ್ತೆ ಪಕ್ಕಕ್ಕೆ ತಿರುಗಿ, "ಹೇಳೇ, ಎಂತಕ್ಕೆ ಹೇಳಿ ಸೈತ ಹೇಳು. ಎನ್ನ ಮರ್ಯಾದೆ ಕಳೀತೆ!"

ಒಕ್ಕಲಿನ ಹುಡುಗಿ ಸಾಹೇಬರನ್ನು ಬಿಟ್ಟು ಇವಳನ್ನೇ ನೋಡುತ್ತ, "ಹತ್ತೆಂಟ್ಲೆ ಎಂಬತ್ತು, ಸಣ್ಣಮ್ಮ. ಏಳೆಂಟ್ಲೆ ಐವತ್ತಾರು. ಕೂಡಿದ್ರೆ ನೂರಮೂವತ್ತಾರು," ಎಂದಳು. ಸಾಹೇಬರು ಹತ್ತೊಂಬತ್ತಾರ್ಲೆ ಕೇಳಿದರು. ಅದಕ್ಕೂ ಅವಳು ಇವಳಿಗೇ ಉತ್ತರ ಕೊಟ್ಟಳು. ಮೂರನೆಯದಕ್ಕೆ ಸಾಹೇಬರು ತಾವೇ ಬೆರಳು ಮಡಿಸಿ ಲೆಕ್ಕ ನೋಡಿಕೊಂಡದ್ದು ಪಕ್ಕದ ಕೋಣೆಯಿಂದ ನನಗೆ ಕಂಡಿತು. ಮೂಗಿನ ಮಾತು ಅವರಿಗೆ ಮರೆತೇಹೋಗಿತ್ತು.

ಕೇಸರಿಬಾತು ತಿಂದ ಮೇಲೆ ಸಾಹೇಬರು ಶಾಲೆಯ ಪುಸ್ತಕದಲ್ಲಿ ಬರೆದರು. ಹೆಡ್ ಮಾಸ್ತರು ಗಟ್ಟಿಯಾಗಿ ಓದಿದರು: ಏಳನೇ ತರಗತಿಯಲ್ಲಿ ದಂಡನೆಯಿಲ್ಲದೆ ಒಳ್ಳೆಯ ಶಿಸ್ತು ಕಂಡುಬಂದಿದೆ, ಕಮಿಟಿಯ ಅಧ್ಯಕ್ಷರು ಸ್ವಂತ ಮಗಳನ್ನೇ ಈ ಪದ್ಧತಿಗೆ ಒಪ್ಪಿಸಿ ಊರಿಗೆ ಮೇಲ್ಪಂಕ್ತಿ ಹಾಕಿದ್ದಾರೆ, ಇತ್ಯಾದಿ. ಮಾವ ಅಧ್ಯಕ್ಷರ ಸಾಲನ್ನು ಇನ್ನೊಮ್ಮೆ ಓದಿಸಿದರು. ಮಾಸ್ತರ ಬಗ್ಗೆ ಪ್ರತ್ಯೇಕವಾಗಿ ಏನೂ ಇರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಸಂಜೆ ಅತ್ತೆ ಹಂಡೆಗೆ ಉರಿ ಹಾಕಲು ಹೊರಟರೆ ಮಾವ ಬೇಡವೆಂದರು. ಸರ್ಕಾರವೇ ಮೇಲ್ಪಂಕ್ತಿ ಎಂದು ಬರೆದುಕೊಟ್ಟ ಮೇಲೆ ಮೈಲಿಗೆ ಎಲ್ಲಿಂದ?

ಒಂದು ತಿಂಗಳೊಳಗೆ ಆ ಪದ್ಧತಿ ಮಾವನದೇ ಆಗಿಹೋಯಿತು. ಬಂದ ನೆಂಟರಿಗೆಲ್ಲ "ಮಕ್ಕಳಿಗೆ ಹೊಡೆಯಲಾಗ ಹೇಳಿ ಆನೇ ನಿಲ್ಸಿದ್ದು. ಮಾಸ್ತರಂಗೆ ಮೊದಲು ಧೈರ್ಯ ಇತ್ತಿಲ್ಲೆ" ಎಂದು ಹೇಳತೊಡಗಿದರು. ಮಾಸ್ತರು ಎದುರಿಗಿದ್ದರೂ ಹೇಳುವರು. ಅವರು 'ಹೌದು' ಎಂದು ಕಾಫಿ ಕುಡಿಯುವರು. ನನಗೆ ಮೈ ಉರಿಯುತ್ತಿತ್ತು. ಒಮ್ಮೆ ಲೋಟ ತೆಗೆದುಕೊಳ್ಳುವಾಗ ತಡೆಯಲಾರದೆ "ನೀವು ಯಾಕೆ ಸುಮ್ನೆ ಇರ್ತೀರಿ?" ಎಂದು ಕೇಳಿಯೇಬಿಟ್ಟೆ. ಅವರು ಸ್ವಲ್ಪ ಯೋಚಿಸಿ, "ಅವರದ್ದು ಅಂತ ಆದ್ರೆ ಅವರು ಅದನ್ನ ಬಿಡೋದಿಲ್ಲಮ್ಮ. ನನ್ನದು ಅಂತಾದ್ರೆ ನಾಳೆನೇ ಬಿಡಿಸ್ತಾರೆ" ಎಂದರು.

ಸರಿಯಾದ ಮಾತೇ ಇರಬೇಕು. ನನಗೆ ಮಾತ್ರ ಅಷ್ಟು ದೊಡ್ಡ ಮನಸ್ಸು ಆಗಲೂ ಬರಲಿಲ್ಲ, ಈಗಲೂ ಇಲ್ಲ.

ವರ್ಷದ ಕೊನೆಗೆ ಕಮಿಟಿ ಮತ್ತೆ ನಮ್ಮ ಜಗಲಿಯಲ್ಲಿ ಸೇರಿತು. ಮಾಸ್ತರನ್ನು ಇದೇ ಶಾಲೆಯಲ್ಲಿ ಕಾಯಂ ಮಾಡಬೇಕೆಂದು ಮಾವನೇ ಅರ್ಜಿ ಬರೆಸಿದ್ದರು. ಅಂಗಡಿಯವನು ಸಹಿ ಹಾಕುವ ಮೊದಲು ರಾಗ ಎಳೆದ: "ಎಲ್ಲ ಸರಿ ಒಡೆಯರೇ. ಆದ್ರೂ ಹುಡ್ಗ್ರಿಗೆ ವಾರಕ್ಕೊಂದೇಟಾದ್ರೂ..."

ಮಾವ ಎದ್ದು ನಿಂತರು. "ಏಯ್! ನಮ್ಮ ಶಾಲೇಲಿ ಹೊಡೆಯೋ ಪದ್ಧತಿ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಇನ್ನೊಂದ್ಸಲ ಹೊಡೆತ ಅಂತ ಬಾಯಿಬಿಟ್ರೆ ಕಪಾಳಕ್ಕೆ ಎರಡು ಬಿಗಿದುಬಿಡ್ತೀನಿ, ನೋಡು!"

ಅಂಗಡಿಯವನು ಗಡಬಡಿಸಿ ಸಹಿ ಹಾಕಿದ. ಕಂಬದ ಹತ್ತಿರ ಕೂತಿದ್ದ ಮಾಸ್ತರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ಅಂದು ಶನಿವಾರ. ಕಾಗದದ ಮೇಲಿನ ಮಸಿ ಒಣಗುವ ಮೊದಲೇ ಅವರು ಎಲ್ಲರಿಗೂ ಕೈಮುಗಿದು ಎದ್ದರು. ಸಾಗರದ ಬಸ್ಸಿಗೆ ಹೊತ್ತಾಗಿತ್ತು, ತಾಯಿ ರಸ್ತೆಯ ಬದಿಗೆ ಬಂದು ನಿಂತಿದ್ದರು.